ಸರ್ವರ್ ಸತ್ತ ದಿನ ಯಾರಿಗೆ ಫೋನ್ ಮಾಡ್ತೀರಿ?

ವರ್ಷಕ್ಕೊಮ್ಮೆ ಎಲ್ಲ ಆಫೀಸುಗಳಲ್ಲೂ ಒಂದು ಮೇಲ್ ಬಂದೇ ಬರುತ್ತೆ: 'ನಿಮ್ಮ ಸೆಕ್ಯುರಿಟಿ ಟ್ರೈನಿಂಗ್ ಬಾಕಿ ಇದೆ, ಶುಕ್ರವಾರದೊಳಗೆ ಮುಗಿಸಿ.' ಆಮೇಲೆ ಜನ ಏನು ಮಾಡ್ತಾರೆ ಅಂತ ನಿಮಗೂ ಗೊತ್ತು. ಒಂದು ಟ್ಯಾಬಿನಲ್ಲಿ ವಿಡಿಯೊ ಮ್ಯೂಟ್ ಮಾಡಿ ಬಿಡೋದು, ಇನ್ನೊಂದರಲ್ಲಿ ಊಟ ಆರ್ಡರ್ ಮಾಡೋದು. ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟು. ನಮ್ಮಂಥ ಸಾಫ್ಟ್‌ವೇರ್ ಕಂಪನಿಗಳ ಕಥೆ ಬಿಡಿ, ಇದನ್ನೇ ನೋಡಿಕೊಳ್ಳೋಕೆ ಅಲ್ಲಿ ಬೇರೆ ತಂಡ ಇರುತ್ತೆ. ನನಗೆ ದಿಗಿಲಾಗೋದು ಸಂಶೋಧನಾ ಸಂಸ್ಥೆಗಳ ವಿಷಯದಲ್ಲಿ.

ಯಾಕಂದ್ರೆ ಅವುಗಳ ಸ್ವಭಾವವೇ ಬೇರೆ. ಗೊತ್ತಿಲ್ಲದ ಊರಿನ ವಿದ್ಯಾರ್ಥಿ ಸಿವಿ ಕಳಿಸ್ತಾನೆ, ಮುಖ ನೋಡದ ಪ್ರೊಫೆಸರ್ ಪೇಪರ್ ಕಳಿಸಿ ಅಭಿಪ್ರಾಯ ಕೇಳ್ತಾರೆ. ಅಪರಿಚಿತರ ಅಟ್ಯಾಚ್‌ಮೆಂಟ್ ತೆರೆಯಬೇಡಿ ಅಂತ ಸಂಶೋಧಕರಿಗೆ ಹೇಳೋದು, ಹೊಸ ಗಿರಾಕಿ ಜೊತೆ ಮಾತಾಡಬೇಡ ಅಂತ ಅಂಗಡಿಯವನಿಗೆ ಹೇಳಿದ ಹಾಗೆ.

2019ರ ಅಕ್ಟೋಬರ್ ಮಧ್ಯದಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ ಯಾರೋ ಒಂದು ಮೋಸದ ಮೇಲ್‌ನಲ್ಲಿದ್ದ ಲಿಂಕ್ ಒತ್ತಿದರು. ಏನೂ ಆಗಲಿಲ್ಲ, ಅಂದ್ರೆ, ಆದ ಹಾಗೆ ಕಾಣಲಿಲ್ಲ. ಒಳಹೊಕ್ಕವರು ಎರಡು ತಿಂಗಳು ಸದ್ದಿಲ್ಲದೆ ಓಡಾಡಿದರು. ಅಪ್‌ಡೇಟ್ ಆಗದೆ ಉಳಿದಿದ್ದ ಯಂತ್ರದ ಮೂಲಕ ಇಡೀ ನೆಟ್‌ವರ್ಕಿನ ಅಧಿಕಾರ ಹಿಡಿದರು. ಡಿಸೆಂಬರ್ 23ರ ಸಂಜೆ, ಕ್ರಿಸ್‌ಮಸ್ ರಜೆಯ ಹೊತ್ತಿಗೆ ಸರಿಯಾಗಿ, 267 ಸರ್ವರ್‌ಗಳಿಗೆ ಬೀಗ ಬಿತ್ತು. ಕೆಲವು ಮುಖ್ಯ ವ್ಯವಸ್ಥೆಗಳ ಬ್ಯಾಕಪ್ ಕೂಡ ಅದೇ ನೆಟ್‌ವರ್ಕಿಗೆ ಅಂಟಿಕೊಂಡಿತ್ತು, ಅದೂ ಹೋಯಿತು. ವಿಶ್ವವಿದ್ಯಾಲಯ 30 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 2 ಲಕ್ಷ ಯೂರೋ ಕೊಟ್ಟು ಬಿಡಿಸಿಕೊಂಡಿತು.

ಈ ಕಥೆಯಲ್ಲಿ ನನ್ನನ್ನ ಕಾಡೋದು ಆ ಕ್ಲಿಕ್ ಅಲ್ಲ. ಸಾವಿರಾರು ಜನ ಇರುವ ಕಡೆ ಯಾರಾದರೂ ಒಬ್ಬರು ಒತ್ತೇ ಒತ್ತುತ್ತಾರೆ. ಕಾಡೋದು ನಡುವಿನ ಆ ಎರಡು ತಿಂಗಳು. 'ಯಾಕೋ ಅನುಮಾನ, ಏನೋ ಒತ್ತಿಬಿಟ್ಟೆ' ಅಂತ ಮೊದಲ ಅರ್ಧ ಗಂಟೆಯಲ್ಲೇ ಹೇಳುವ ಧೈರ್ಯ ಜನರಿಗೆ ಬಂದರೆ, ಆ ಯಂತ್ರವನ್ನ ನೆಟ್‌ವರ್ಕಿನಿಂದ ಬಿಡಿಸಬಹುದು, ಪಾಸ್‌ವರ್ಡ್ ಬದಲಿಸಬಹುದು. ಟ್ರೈನಿಂಗ್ ಕಲಿಸಬೇಕಾದ್ದು ಇದನ್ನ.

ನಾವು ಮಾಡೋದು ಉಲ್ಟಾ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ 'ಬೋನಸ್ ವಿವರ ನೋಡಿ' ಅಂತ ಪರೀಕ್ಷೆಯ ಮೇಲ್ ಕಳಿಸಿ, ಒತ್ತಿದವರ ಹೆಸರನ್ನ ಮೀಟಿಂಗಿನಲ್ಲಿ ಓದಿದರು. ಎಲ್ಲರೂ ನಕ್ಕರು. ಕೆಲ ವಾರಗಳ ನಂತರ ನಿಜವಾಗಿಯೂ ಅನುಮಾನದ ಮೇಲ್ ಬಂದಾಗ ಸಹೋದ್ಯೋಗಿಯೊಬ್ಬಳು ಸೆಕ್ಯುರಿಟಿ ತಂಡದ ಹತ್ತಿರ ಹೋಗಲಿಲ್ಲ. ಕಾಫಿ ಮಷೀನ್ ಪಕ್ಕ ನಿಂತು ನನ್ನನ್ನ ಪಿಸುಗುಟ್ಟಿ ಕೇಳಿದಳು: 'ಒತ್ತಿದ್ದು ಅವರಿಗೆ ಗೊತ್ತಾಗುತ್ತೇನೋ?'

ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. ಯಾರು ಯಾರಿಗೆ ಹೇಳಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರದಿದ್ದರೆ ಆ 6 ಗಂಟೆ ಕಾರಿಡಾರಿನಲ್ಲೇ ಕರಗಿಹೋಗುತ್ತೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ 2023ರ ಅಕ್ಟೋಬರ್ 28ರ ಶನಿವಾರ ಇದೇ ಗತಿ ಬಂತು. ರೈಸಿಡಾ ಎಂಬ ಗುಂಪು ಸುಮಾರು 600 ಜಿಬಿ ಮಾಹಿತಿ ಕದ್ದು, 20 ಬಿಟ್‌ಕಾಯಿನ್‌ಗೆ ಹರಾಜಿಗಿಟ್ಟಿತು. ಲೈಬ್ರರಿ ಒಂದು ಪೈಸೆ ಕೊಡಲಿಲ್ಲ. ಕೊಡದಿದ್ದಕ್ಕೂ ಬೆಲೆ ತೆತ್ತಿತು. ಆನ್‌ಲೈನ್ ಕ್ಯಾಟಲಾಗ್ ಹುಡುಕಾಟಕ್ಕೆ ಮರಳಿದ್ದು ಜನವರಿ 15ಕ್ಕೆ. ಪಿಎಚ್‌ಡಿ ಪ್ರಬಂಧಗಳ ಸೇವೆ ಅದಕ್ಕಿಂತ ಬಹಳ ಕಾಲ ಮುಚ್ಚೇ ಇತ್ತು. ಅದನ್ನೇ ನಂಬಿಕೊಂಡಿದ್ದ ವಿದ್ಯಾರ್ಥಿಗಳ ಪಾಡು ಏನಾಗಿರಬೇಡ!

2024ರ ಮಾರ್ಚ್‌ನಲ್ಲಿ ಲೈಬ್ರರಿ ತನ್ನ ಸೋಲಿನ ಪೂರ್ತಿ ವರದಿಯನ್ನ ತಾನೇ ಪ್ರಕಟಿಸಿತು. ಇಂಜಿನಿಯರ್ ಆದವರು ಓದಲೇಬೇಕಾದ ದಾಖಲೆ ಅದು. ಡಿಜಿಟಲ್ ಸಂಗ್ರಹದ ಪ್ರತಿಗಳು ಸುರಕ್ಷಿತವಾಗಿಯೇ ಇದ್ದವು. ಆದರೆ ಅವನ್ನ ಮತ್ತೆ ಇಳಿಸಿಕೊಳ್ಳೋಕೆ ಸರ್ವರ್‌ಗಳೇ ಉಳಿದಿರಲಿಲ್ಲ. ಹಳೇ ಸಾಫ್ಟ್‌ವೇರ್‌ಗಳನ್ನ ಹೊಸ ಯಂತ್ರಗಳಲ್ಲಿ ಓಡಿಸೋಕೂ ಆಗುತ್ತಿರಲಿಲ್ಲ. ಕಾಳು ಇದೆ, ಒಲೆ ಇಲ್ಲ. 'ಬ್ಯಾಕಪ್ ಇದೆ ಸಾರ್' ಅಂತ ಯಾರಾದರೂ ಹೇಳಿದಾಗಲೆಲ್ಲ ನಾನೀಗ 'ಕೊನೇ ಸಲ ಅದನ್ನ ತೆಗೆದು ನೋಡಿದ್ದು ಯಾವಾಗ?' ಅಂತ ಕೇಳ್ತೀನಿ. ಉತ್ತರಕ್ಕೆ ಮುಂಚೆ ಒಂದು ಮೌನ ಇರುತ್ತಲ್ಲ, ಅದೇ ಉತ್ತರ.

ವಿಡಿಯೊಗಿಂತ ನೂರು ಪಾಲು ವಾಸಿಯಾದ ತರಬೇತಿಯೊಂದಿದೆ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಆಡುವ ಅಣಕು ಸಂಕಟ. ಒಬ್ಬರು ಸನ್ನಿವೇಶ ಓದ್ತಾರೆ: ಶನಿವಾರ ರಾತ್ರಿ, ಸರ್ವರ್ ಸತ್ತಿದೆ, ಮೇಲ್ ಇಲ್ಲ, ಚಾಟ್ ಇಲ್ಲ. ಈಗ ಯಾರಿಗೆ ಫೋನ್ ಮಾಡ್ತೀರಿ? ನಾನು ಕೂತಿದ್ದ ಅಂಥ ಒಂದು ಆಟ ಈ ಮೊದಲ ಪ್ರಶ್ನೆಗೇ ನಿಂತುಹೋಯ್ತು. ಎಲ್ಲರ ನಂಬರ್ ಇದ್ದದ್ದು ಕಂಪನಿ ಡೈರೆಕ್ಟರಿಯಲ್ಲಿ. ಡೈರೆಕ್ಟರಿ ತೆರೆಯೋಕೆ ಲಾಗಿನ್ ಆಗಬೇಕು. ಲಾಗಿನ್ ಆಗೋಕೆ ಸರ್ವರ್ ಬೇಕು. ಇಡೀ ನೆಟ್‌ವರ್ಕ್ ಕಿತ್ತುಹಾಕಿ ಅಂತ ಹೇಳುವ ಅಧಿಕಾರ ಯಾರದ್ದು ಅನ್ನೋ ಎರಡನೇ ಪ್ರಶ್ನೆಗೆ ಇನ್ನೂ ಅರ್ಧ ಗಂಟೆ ಹಿಡಿಯಿತು. ಖರ್ಚು? ಎರಡು ಗಂಟೆ, ಒಂದು ಸುತ್ತು ಟೀ.

ಇದನ್ನೆಲ್ಲ ಬೆಂಗಳೂರಿನ ಒಂದು ಜೀವಶಾಸ್ತ್ರ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ಗೆಳತಿಗೆ ಹೇಳಿದೆ. ಅವಳ ಲ್ಯಾಬಿನ ಮೈಕ್ರೋಸ್ಕೋಪ್‌ಗೆ ಜೋಡಿಸಿದ ಕಂಪ್ಯೂಟರ್ ಇನ್ನೂ ವಿಂಡೋಸ್ 7ರಲ್ಲಿದೆ. ಅಪ್‌ಡೇಟ್ ಮಾಡಿದರೆ ಮೈಕ್ರೋಸ್ಕೋಪಿನ ಸಾಫ್ಟ್‌ವೇರ್ ನಿಂತುಹೋಗುತ್ತೆ, ಹೊಸದು ಕೊಳ್ಳೋಕೆ ಗ್ರಾಂಟ್ ಇಲ್ಲ. ನಾಲ್ಕು ವರ್ಷದ ಚಿತ್ರಗಳೆಲ್ಲ ಒಂದೇ ಹಾರ್ಡ್‌ಡಿಸ್ಕಿನಲ್ಲಿ, ಅದೂ ಸದಾ ಆ ಕಂಪ್ಯೂಟರಿಗೇ ಚುಚ್ಚಿಕೊಂಡು. 'ನಾನೊಬ್ಬ ವಿದ್ಯಾರ್ಥಿನಿ ಕಣೋ, ನಾನೇನು ಮಾಡಲಿ?' ಅಂದಳು. ಆ ಕಂಪ್ಯೂಟರನ್ನ ಇಂಟರ್ನೆಟ್‌ನಿಂದ ಬಿಡಿಸೋಕೆ ಗೈಡನ್ನ ಒಪ್ಪಿಸು, ಇನ್ನೊಂದು ಡಿಸ್ಕ್ ತಗೋ, ಕಾಪಿ ಆದಮೇಲೆ ಕಿತ್ತು ಬೀರುವಿನಲ್ಲಿಡು ಅಂದೆ. ನಂಬರ್ ಪಟ್ಟಿ ಬರೆದು ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕು ಅಂತಲೂ ಹೇಳಿದೆ.

'ಪಟ್ಟಿ ಈಗಾಗಲೇ ಇದೆ' ಅಂದಳು. ಮೈನಸ್ 80 ಡಿಗ್ರಿಯ ಫ್ರೀಜರ್ ಬಾಗಿಲ ಮೇಲೆ. ನಡುರಾತ್ರಿ ಫ್ರೀಜರ್ ಕೆಟ್ಟರೆ ಸ್ಯಾಂಪಲ್ ಹಾಳಾಗಬಾರದು ಅಂತ ಮೊದಲು ಯಾರಿಗೆ, ಅವರು ಎತ್ತದಿದ್ದರೆ ಯಾರಿಗೆ, ಸ್ಯಾಂಪಲ್‌ಗಳನ್ನ ಯಾವ ಫ್ರೀಜರಿಗೆ ಸಾಗಿಸಬೇಕು, ಎಲ್ಲ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾರಂತೆ. ಹಗಲು ಹೊತ್ತಲ್ಲಿ ಒಮ್ಮೆ ಫೋನ್ ಮಾಡಿ ನಂಬರ್‌ಗಳು ಸರಿ ಇವೆಯಾ ಅಂತಲೂ ನೋಡಿದ್ದಾರೆ. ಆ ಹಾಳೆಯ ಕೆಳಗೆ ಈಗ ಅವಳು ಪೆನ್ನಿನಲ್ಲಿ ಇನ್ನೆರಡು ಸಾಲು ಸೇರಿಸಿದ್ದಾಳೆ. ಸಿಸ್ಟಂ ಅಡ್ಮಿನ್ ನಂಬರ್ ಸಿಕ್ಕಿದ್ದು ಲ್ಯಾಬ್ ಅಟೆಂಡರ್ ಫೋನಿನಲ್ಲಿ. ಗೈಡ್ ಹತ್ತಿರವೂ ಇರಲಿಲ್ಲವಂತೆ.