ಹೆಸರಿನ ಮೇಲೆ ಹೆಸರು

ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಹಾಜರಿಯ ವೇಳೆ ಇಬ್ಬರೂ ಎದ್ದು ನಿಲ್ಲುತ್ತಾರೆ. ತೊಡಕು ಒಡನೆಯೇ ತಿಳಿಯುತ್ತದೆ. ಗಣಕಯಂತ್ರದಲ್ಲಿ ಹಾಗಲ್ಲ. ಎರಡನೆಯವನು ಬಂದೊಡನೆ ಮೊದಲನೆಯವನು ಸದ್ದಿಲ್ಲದೆ ಮಾಯವಾಗುವುದುಂಟು. ಅಚ್ಚುಜೋಡಣೆಯ ಭಾಷೆಯೊಂದನ್ನು ತೆಗೆದುಕೊಂಡು ಇದನ್ನು ವಿವರಿಸಲೆಳಸುತ್ತೇನೆ.

ಹಿಂದೆ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವನ್ನು ಗಣಕದಿಂದ ಮಾಡಿಸಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕನೂತ್ ಅವರು 1977ರಲ್ಲಿ 'ಟೆಕ್' ಭಾಷೆಯ ರಚನೆಗೆ ತೊಡಗಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದಲ್ಲಿ 'ಲೇಟೆಕ್' ಕಟ್ಟಿದರು. ಇದರಲ್ಲಿ ಓರೆಗೆರೆಯೊಂದರ ಮುಂದೆ ಹೆಸರು ಬರೆದರೆ ಅದು ಆಜ್ಞೆ. ಬರೆಯುವವನು ತನ್ನದೇ ಆಜ್ಞೆಗಳನ್ನೂ ಸೃಷ್ಟಿಸಿಕೊಳ್ಳಬಹುದು. ತೊಡಕು ಹುಟ್ಟುವುದು ಇಲ್ಲಿಯೇ.

ಲೇಟೆಕ್‌ನಲ್ಲಿ 'ಡಿ' ಎಂಬ ಆಜ್ಞೆ ಮೊದಲೇ ಇದೆ; ಅಕ್ಷರದ ಕೆಳಗೆ ಚುಕ್ಕೆ ಇಡುವುದು ಅದರ ಕೆಲಸ. 'ಕರ್ನಾಟಕ'ವನ್ನು ರೋಮನ್ ಲಿಪಿಯಲ್ಲಿ ಶುದ್ಧವಾಗಿ ಬರೆಯುವಾಗ ಟಕಾರಕ್ಕೆ ಈ ಚುಕ್ಕೆ ಬೇಕು. ಗಣಿತದ ವಿದ್ಯಾರ್ಥಿಯೊಬ್ಬನು ಅವಕಲನಕ್ಕಾಗಿ ನೆಟ್ಟನೆಯ 'ಡಿ' ಅಕ್ಷರವನ್ನು ಮುದ್ರಿಸಲು ಅದೇ ಹೆಸರನ್ನು 'ಡೆಫ್' ಮೂಲಕ ಕೊಟ್ಟನೆನ್ನಿ. 'ಡೆಫ್' ಏನನ್ನೂ ಕೇಳದೆ ಒಪ್ಪಿಕೊಳ್ಳುತ್ತದೆ. ಆಮೇಲೆ ನಾಡಿನ ಹೆಸರಿನಲ್ಲಿ ಚುಕ್ಕೆ ಹೋಗಿ, ಟಕಾರದ ಹಿಂದೆ ಬೇಡದ 'ಡಿ' ನುಸುಳುತ್ತದೆ. ಗಣಿತವೆಲ್ಲ ಸರಿಯಾಗಿರುವುದರಿಂದ ಇದು ಕಣ್ಣಿಗೂ ಬೀಳದೆ ಅಚ್ಚಾಗಬಹುದು.

ಪರಿಹಾರಗಳುಂಟು. ಮೊದಲನೆಯದು, 'ಡೆಫ್' ಬದಲು 'ನ್ಯೂಕಮಾಂಡ್' ಬಳಸುವುದು. ಹೆಸರು ಮೊದಲೇ ಇದ್ದರೆ ಅದು ದೋಷವೆಂದು ತಿಳಿಸುತ್ತದೆ. ಬೇಕೆಂದೇ ಬದಲಿಸುವವನು 'ರಿನ್ಯೂಕಮಾಂಡ್' ಎಂದು ಸ್ಪಷ್ಟವಾಗಿ ಹೇಳಬೇಕು. ಆದರೆ ಈ ಕಾವಲುಗಾರನಿಗೆ ಕಾಣುವುದು ಅಲ್ಲಿಯವರೆಗೆ ಬಂದ ಹೆಸರುಗಳು ಮಾತ್ರ. ಆದಕಾರಣ ಇತರರ ಪ್ಯಾಕೇಜುಗಳನ್ನು ಮೊದಲು ತಂದು, ನಮ್ಮ ಆಜ್ಞೆಗಳನ್ನು ಅನಂತರ ಬರೆಯಬೇಕು.

ಎರಡನೆಯದು, ಲೇಟೆಕ್ ತನ್ನ ಒಳಮನೆಯ ಹೆಸರುಗಳಲ್ಲಿ 'ಅಟ್' ಚಿಹ್ನೆಯನ್ನು ಸೇರಿಸಿರುತ್ತದೆ. ಸಾಮಾನ್ಯ ಬರಹದಲ್ಲಿ ಆ ಚಿಹ್ನೆ ಅಕ್ಷರವೆನಿಸದು. ಆದ್ದರಿಂದ ಅಂಥ ಹೆಸರುಗಳನ್ನು ನಾವು ಅರಿಯದೆ ಮುಟ್ಟಲಾರೆವು.

ಮೂರನೆಯದು ನಮಗೆ ಹಳೆಯ ಪರಿಚಯದ್ದು. ಒಂದೇ ಹೆಸರಿನವರನ್ನು ನಾವು ಊರಿನ ಹೆಸರು ಸೇರಿಸಿ ಗುರುತಿಸುತ್ತೇವೆ. ಹಾಗೆಯೇ ನಮ್ಮ ಆಜ್ಞೆಗಳಿಗೆಲ್ಲ ನಮ್ಮದೇ ಮುನ್ನುಡಿಯಕ್ಷರಗಳನ್ನು ಹಚ್ಚಬೇಕು. ಒಂದಕ್ಷರದ ಹೆಸರುಗಳ ಆಸೆಯನ್ನಂತೂ ಬಿಡಬೇಕು. ಬಿ, ಸಿ, ಡಿ, ಯು, ವಿ ಇವೆಲ್ಲ ಆಗಲೇ ಬೇರೆಯವರ ಪಾಲಾಗಿವೆ.

ಎರಡಕ್ಷರ ಹೆಚ್ಚು ಬರೆಯುವ ಶ್ರಮ ಅತ್ಯಲ್ಪ. ಅಚ್ಚಾದ ಪುಸ್ತಕದಲ್ಲಿ ಕೆಟ್ಟುಹೋದ ಹೆಸರನ್ನು ಮಾತ್ರ ಮತ್ತೆ ತಿದ್ದಲಾಗದು.