ಲಾವಂಚ: ಕೀಳುವ ಬೇರು, ಉಳಿಸುವ ಬೇರು

ಎರ್ಮಾಳಿನಲ್ಲಿ ಹೆದ್ದಾರಿಯಿಂದ ಪಶ್ಚಿಮಕ್ಕೆ ನಡೆದರೆ ಮರಳು, ಅದರಾಚೆ ಸಮುದ್ರ. ಪೂರ್ವಕ್ಕೆ ಹೋದರೆ ಮುರಕಲ್ಲಿನ ಗುಡ್ಡ. ಈ ಎರಡು ಬಗೆಯ ನೆಲದಲ್ಲೂ ಬೆಳೆಯಬಲ್ಲ ಪರಿಮಳದ ಹುಲ್ಲು ಲಾವಂಚ.

ಮನೆಯಂಗಳದ ಮಜ್ಜಿಗೆ ಹುಲ್ಲನ್ನು ನೀವು ಬಲ್ಲಿರಿ. ಅದರ ಪರಿಮಳ ಎಲೆಯಲ್ಲಿದೆ. ಕೊಯ್ದರೆ ಮತ್ತೆ ಚಿಗುರುತ್ತದೆ. ಲಾವಂಚದ ಪರಿಮಳ ಇರುವುದು ಬೇರಿನಲ್ಲಿ. ಅದು ಬೇಕಾದರೆ ಬುಡವನ್ನೇ ಅಗೆಯಬೇಕು. ಈ ಒಂದು ವ್ಯತ್ಯಾಸದಿಂದ ಬೆಳೆಗಾರನ ಲೆಕ್ಕವೆಲ್ಲ ಬದಲಾಗುತ್ತದೆ.

ಲಾವಂಚದ ಬೇರು ಅಡ್ಡಕ್ಕೆ ಹರಡುವುದಿಲ್ಲ; ನೇರವಾಗಿ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ 3 ಮೀಟರ್ ಆಳಕ್ಕೂ ಹೋಗಬಲ್ಲದು. ಒಣ ಬೇರನ್ನು ಕುಡಿಯುವ ನೀರಿನ ಹೂಜಿಗೆ ಹಾಕುತ್ತಾರೆ, ಚಾಪೆ ಮತ್ತು ತಟ್ಟಿ ಹೆಣೆಯುತ್ತಾರೆ. ಹಬೆಯಲ್ಲಿ ಭಟ್ಟಿ ಇಳಿಸಿದರೆ ಸುಗಂಧತೈಲ ಸಿಗುತ್ತದೆ. ಈ ತೈಲ ನಿಧಾನವಾಗಿ ಆವಿಯಾಗುವುದರಿಂದ ಅತ್ತರಿನಲ್ಲಿ ಇತರ ಪರಿಮಳಗಳನ್ನೂ ಹಿಡಿದಿಡುತ್ತದೆ.

ಇದೇ ಬೇರು ಮಣ್ಣನ್ನೂ ಹಿಡಿದಿಡುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿನಲ್ಲಿ ಲಾವಂಚದ ಸಾಲು ಬೆಳೆಸಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಈ ಹುಲ್ಲನ್ನು ಮಣ್ಣಿನ ಸವಕಳಿಗೆ ಮದ್ದೆಂದು ಹಲವು ದೇಶಗಳಿಗೆ ಪರಿಚಯಿಸಿದರು. ಹುಲ್ಲಿನ ದಟ್ಟ ಸಾಲು ಹರಿಯುವ ನೀರಿನ ವೇಗ ತಗ್ಗಿಸುತ್ತದೆ. ನೀರು ಹೊತ್ತು ತಂದ ಮಣ್ಣು ಸಾಲಿನ ಹಿಂದೆ ತಂಗಿ, ವರ್ಷಗಳಲ್ಲಿ ಇಳಿಜಾರು ಮೆಟ್ಟಿಲಾಗುತ್ತದೆ.

ಹಾಗಾದರೆ ಒಂದೇ ಸಾಲಿನಿಂದ ಮಣ್ಣನ್ನೂ ಉಳಿಸಿ ಬೇರನ್ನೂ ಮಾರಬಹುದೇ? ಸಾಧ್ಯವಿಲ್ಲ. ಬೇರು ಕಿತ್ತ ಜಾಗದ ಮಣ್ಣು ಸಡಿಲವಾಗುತ್ತದೆ. ಮೊದಲ ಜಡಿಮಳೆಗೇ ಕೊಚ್ಚಿಹೋಗುತ್ತದೆ. ಆದ್ದರಿಂದ ಎರಡು ಉದ್ದೇಶಕ್ಕೆ ಎರಡು ಜಾಗ ಬೇಕು.

ಗುಡ್ಡದ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 10ರಿಂದ 15 ಸೆಂಟಿಮೀಟರಿಗೊಂದು ಕಂದು ನೆಡಿ. ಅದನ್ನು ಎಂದೂ ಅಗೆಯಬೇಡಿ; ಎಲೆ ಕತ್ತರಿಸಿ ತೋಟಕ್ಕೆ ಮುಚ್ಚಿಗೆ ಮಾಡಿ. ಬೇರಿಗಾಗಿ ಬೆಳೆಯುವುದನ್ನು ಸಮತಟ್ಟಾದ ಮರಳು ನೆಲದಲ್ಲಿ, ಇನ್ನೂ ದೂರ ದೂರ ನೆಡಿ. ಸಡಿಲ ಮರಳಿನಲ್ಲಿ ಬೇರು ತುಂಡಾಗದೆ ಬರುತ್ತದೆ. ಕೀಳಲು ಒಂದೂಕಾಲರಿಂದ ಒಂದೂವರೆ ವರ್ಷ ಕಾಯಬೇಕು. ಮಳೆ ನಿಂತ ಮೇಲೆ ಅಗೆದು, ಗುಂಡಿ ಮುಚ್ಚಿ. ನಮ್ಮ ಕಡೆಯ ತಳಿ ಬೀಜದಿಂದ ಹರಡುವುದಿಲ್ಲ. ಬುಡ ಸೀಳಿ, ಎಲೆ ಸವರಿ, ಮುಂಗಾರಿನ ಆರಂಭದಲ್ಲಿ ನೆಡುವುದೇ ಕ್ರಮ.

ಒಂದು ಮಾತು ನೆನಪಿರಲಿ: ಲಾವಂಚ ಮಳೆನೀರಿನ ಹರಿವನ್ನು ತಡೆದೀತು, ಕಡಲ ತೆರೆಯ ಹೊಡೆತವನ್ನಲ್ಲ.

ನಿಮ್ಮ ಶಾಲೆಯ ಹಿತ್ತಿಲು ಇಳಿಜಾರಾಗಿದ್ದರೆ ಈ ಮುಂಗಾರಿಗೆ ಒಂದು ಸಾಲು ನೆಡಿ. ಸಾಲಿನ ಹಿಂದೆ ಅಳತೆಕೋಲು ಹೂಳಿ, ಪ್ರತಿ ಮಳೆಗಾಲದ ಕೊನೆಗೆ ಎಷ್ಟು ಮಣ್ಣು ತಂಗಿದೆಯೆಂದು ಬರೆದಿಡಿ. ಕಣ್ಣಿಗೆ ಕಾಣದ ಬೇರಿನ ಕೆಲಸವನ್ನು ಆ ಕೋಲು ತೋರಿಸುತ್ತದೆ.