ಒಂಟಿ ಕೈಗೆ ಲಂಗರಿನ ಲೆಕ್ಕ

ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಸುತ್ತಲಿನ ಹೊಲ, ತೋಪು, ಊರುಗಳು ನೀರಿನಡಿಗೆ ಹೋದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದು ಈ ಹಿನ್ನೀರಿನಲ್ಲೇ. ಇಂಥ ಬಯಲು ನೀರಿನಲ್ಲಿ ಗಾಳಿಗೆ ತಡೆಯಿಲ್ಲ. ಹರಿಗೋಲು ಒಂದೆಡೆ ನಿಲ್ಲಬೇಕೆಂದರೆ ಹಗ್ಗ ಬಿಗಿದ ಕಲ್ಲೊಂದನ್ನು ತಳಕ್ಕೆ ಬಿಡುವುದು ಎಲ್ಲಕ್ಕಿಂತ ಸರಳವಾದ ಲಂಗರು. ಬಿಡುವುದೇನೋ ಸುಲಭ. ಒಬ್ಬನೇ ಇದ್ದಾಗ ಅದನ್ನು ಎತ್ತುವುದಕ್ಕೆ ಗಟ್ಟಿ ತೋಳು ಬೇಕು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿದರೆ, ತೋಳಿಗಿಂತ ಹೆಚ್ಚಾಗಿ ಬೇಕಾದದ್ದು ಸಾವಧಾನ.

ಮೊದಲು ಕಲ್ಲಿನ ಭಾರವನ್ನೇ ನೋಡೋಣ. ಗ್ರಾನೈಟ್ ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಸಾಂದ್ರ. ಹಾಗಾಗಿ ದಡದಲ್ಲಿ 10 ಕಿಲೋ ತೂಗುವ ಕಲ್ಲು ನೀರೊಳಗೆ 6.3 ಕಿಲೋದಷ್ಟೇ ಭಾರ. (ಅಷ್ಟೇ ತೂಕದ ಕಬ್ಬಿಣ 8.7 ಕಿಲೋ ತೂಗುತ್ತದೆ. ಲಂಗರಿಗೆ ಕಬ್ಬಿಣ ಮೇಲೆನ್ನಲು ಇದೂ ಒಂದು ಕಾರಣ.) ತುಂಬಿದ ಬಿಂದಿಗೆ ಎತ್ತಬಲ್ಲವರಿಗೆ ಇದೇನು ದೊಡ್ಡದಲ್ಲ. ಮತ್ತೆ ಕಷ್ಟ ಎಲ್ಲಿಂದ ಬಂತು? ಒಂದು, ಗಾಳಿಯಿಂದ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ, ಒಬ್ಬರು ಕೂತ ಹರಿಗೋಲನ್ನು ಸುಮಾರು 5 ಕಿಲೋ ತೂಕದಷ್ಟು ಬಲದಿಂದ ತಳ್ಳುತ್ತದೆ. ಹಗ್ಗ ಎಳೆಯುವಾತ ಮೊದಲು ಎಳೆಯಬೇಕಾದದ್ದು ಕಲ್ಲನ್ನಲ್ಲ, ಗಾಳಿಗೆ ಎದುರಾಗಿ ತನ್ನ ಹರಿಗೋಲನ್ನೇ, ಕಲ್ಲಿನ ನೆತ್ತಿಯ ಮೇಲಕ್ಕೆ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ: ವೇಗ ಅರ್ಧವಾದರೆ ಒತ್ತಡ ಕಾಲು ಪಾಲು, ಅಂದರೆ ಒಂದೂಕಾಲು ಕಿಲೋ. ಗಾಳಿ ಒಂದೇ ಸಮನೆ ಬೀಸುವುದಿಲ್ಲ. ತಗ್ಗಿದಾಗ ಎಳೆದು, ರಭಸ ಬಂದಾಗ ಹಗ್ಗವನ್ನು ಕೂರುವ ಹಲಗೆಗೆ ಎರಡು ಸುತ್ತು ಸುತ್ತಿ ಹಿಡಿದರಾಯಿತು. ಘರ್ಷಣಾಂಕ ಕಾಲು ಎಂದಿಟ್ಟುಕೊಂಡರೂ ಎರಡು ಸುತ್ತಿಗೆ ಹಿಡಿತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೆಳೆಯುತ್ತದೆ, ಒಂದು ಕೈ ಸಾಕು.

ಎರಡನೆಯದು ಕೆಸರು, ನಿಜವಾದ ಎದುರಾಳಿ. ಚನ್ನರಾಯಪಟ್ಟಣದ ಕಡೆಯ ಕೆರೆಯಾಗಲಿ, ಹಿನ್ನೀರಾಗಲಿ, ತಳದಲ್ಲಿ ನುಣ್ಣನೆಯ ಹೂಳು ಕೂತಿದ್ದರೆ ಕಲ್ಲು ಅದರಲ್ಲಿ ಹೂತುಕೊಳ್ಳುತ್ತದೆ. ಥಟ್ಟನೆ ಜಗ್ಗಿದರೆ ಕಲ್ಲಿನಡಿ ಒತ್ತಡ ಇಳಿದು ಹೂಳು ಹೀರಿ ಹಿಡಿಯುತ್ತದೆ, ನಾಟಿಗದ್ದೆಯಲ್ಲಿ ಹೂತ ಕಾಲನ್ನು ಅವಸರದಿಂದ ಕೀಳಲು ಹೋದಂತೆ. ಹದವಾದ ಬಿಗಿಯಲ್ಲಿ ಬಿಟ್ಟು ಕಾದರೆ ನೀರು ಅಡಿಗೆ ಜಿನುಗಿ, ಕಡಿಮೆ ಬಲಕ್ಕೇ ಕಲ್ಲು ಬಿಟ್ಟುಕೊಡುತ್ತದೆ. ಆ ಬಿಗಿಯನ್ನು ತೋಳೇ ಹೊರಬೇಕಿಲ್ಲ, ನೀರು ಹೊರುತ್ತದೆ. ಎರಡು ಮೀಟರ್ ಅಡ್ಡಳತೆಯ ಹರಿಗೋಲು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಿದರೆ ಸುಮಾರು 30 ಕಿಲೋ ಮೇಲ್ಮುಖ ಬಲ ಹುಟ್ಟುತ್ತದೆ. ಹಗ್ಗ ನೆಟ್ಟಗಾದಾಗ ಅದರ ಕಡೆ ಬಾಗಿ, ಸಡಿಲವನ್ನೆಲ್ಲ ಒಳಗೆಳೆದು, ಸುತ್ತು ಹಾಕಿ, ನಡುವಿಗೆ ಸರಿದು ಕೂತರೆ ಸಾಕು.

ಆದರೆ ಅಂಚಿಗೆ ಹಗ್ಗ ಬಿಗಿದರೆ ಹರಿಗೋಲು ಮಗುಚುವುದಿಲ್ಲವೇ? ಮಗುಚಬಹುದು, ಅದಕ್ಕೇ ಗಂಟು ಹಾಕಬಾರದು. ಸುತ್ತು ಜಾರುತ್ತದೆ, ಗಂಟು ಜಾರುವುದಿಲ್ಲ. ರಾಟೆ ಹಾಕಬಾರದೇಕೆ ಎಂದರೆ, ಒಂದೇ ರಾಟೆ ಬಲದ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಬಲವನ್ನು ತಗ್ಗಿಸುವುದಿಲ್ಲ. ಕಲ್ಲು ಮುಳುಗಿದ ಮರದ ಬೊಡ್ಡೆಗೋ ಹಳೆಯ ಗೋಡೆಗೋ ಸಿಕ್ಕಿಕೊಂಡರೆ ಕಾಯುವುದರಿಂದ ಏನೂ ಆಗದು ಎಂಬುದು ಮಾತ್ರ ಸರಿಯಾದ ಆಕ್ಷೇಪ. ಅದಕ್ಕೆ ಉಪಾಯವನ್ನು ಮೊದಲೇ ಮಾಡಿರಬೇಕು: ಹಗ್ಗವನ್ನು ಕಲ್ಲಿನ ಬುಡಕ್ಕೆ ಭದ್ರವಾಗಿ ಕಟ್ಟಿ, ತಲೆಗೆ ತೆಳು ದಾರದಿಂದ ಬಿಗಿಯುವುದು. ಜೋರಾಗಿ ಎಳೆದಾಗ ದಾರ ಹರಿದು, ಕಲ್ಲು ಬುಡ ಮೇಲಾಗಿ ಸಿಕ್ಕಿನಿಂದ ಬಿಡಿಸಿಕೊಳ್ಳುತ್ತದೆ. ಇನ್ನು ಈ ಲೆಕ್ಕವೆಲ್ಲ ನಿಂತ ನೀರಿನದು. ಹೊಳೆನರಸೀಪುರದ ಬಳಿ ಹೇಮಾವತಿಯಲ್ಲೋ ಅರಕಲಗೂಡು ತಾಲೂಕಿನ ರಾಮನಾಥಪುರದ ಕಾವೇರಿಯಲ್ಲೋ ಮಳೆಗಾಲದ ಸೆಳವಿದ್ದಾಗ ಹರಿಗೋಲನ್ನು ಲಂಗರಿಗೆ ಕಟ್ಟಿ ನಿಲ್ಲಿಸುವುದೇ ಅವಿವೇಕ: ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಸೆಳವಿಗೆ ಗಾಳಿಯಂತೆ ಬಿಡುವೂ ಇಲ್ಲ.

ಹಿನ್ನೀರಿನಲ್ಲೂ ಅಪಾಯದ ಗಳಿಗೆ ಕೊನೆಯದು. ನೀರಿನಿಂದ ಹೊರಬರುತ್ತಿದ್ದಂತೆ 6.3 ಕಿಲೋ ಮತ್ತೆ 10 ಕಿಲೋ ಆಗುತ್ತದೆ, ಅದೂ ಎತ್ತುವಾತ ಅಂಚಿನಾಚೆ ಕೈಚಾಚಿ ಬಾಗಿರುವಾಗ. ದಡ ಹತ್ತಿರವಿದ್ದರೆ ಕಲ್ಲನ್ನು ನೀರೊಳಗೇ ತೂಗಬಿಟ್ಟು, ಎದುರು ಬದಿಗೆ ಕೂತು, ತಳ ಸಿಗುವವರೆಗೆ ಹುಟ್ಟು ಹಾಕುವುದು ಮೇಲು.